ಏನೂ ಬದಲಾಗಲ್ಲ ಅಂತ ಯಾರು ಹೇಳಿದ್ದು?

ಅಮೆರಿಕದಲ್ಲಿ ಎಲ್ಲೋ ಗುಂಡಿನ ದಾಳಿ ಆಯಿತು ಅಂದ ಕೂಡಲೇ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಏನೇನು ಬರುತ್ತದೆ ಅಂತ ಈಗ ಮೊದಲೇ ಹೇಳಿಬಿಡಬಹುದು. ಮೊದಲು ಒಂದು ಲಿಂಕು. ಆಮೇಲೆ "ಎಲ್ಲರೂ ಸೇಫ್ ಅಲ್ವಾ?" ಆಮೇಲೆ ಕೈ ಮುಗಿದ ಇಮೋಜಿಗಳ ಸಾಲು. ಅರ್ಧ ಗಂಟೆಯೊಳಗೆ ಯಾರೋ ಒಬ್ಬರು ಬಂದೂಕಿನ ಕಾನೂನಿನ ಮಾತು ತೆಗೆಯುತ್ತಾರೆ, ಇನ್ನೊಬ್ಬರು "ಇದು ರಾಜಕೀಯ ಮಾತಾಡೋ ಹೊತ್ತಲ್ಲ" ಅನ್ನುತ್ತಾರೆ, ಅಡ್ಮಿನ್ ಬಂದು ಈ ಗುಂಪು ಇರೋದು ರಾಜ್ಯೋತ್ಸವದ ಕಾರ್ಯಕ್ರಮಕ್ಕೆ ಮಾತ್ರ ಅಂತ ನೆನಪಿಸುತ್ತಾರೆ. ಅಷ್ಟರಲ್ಲಿ ಊರಿಂದ ಫೋನು. ದಾಳಿ ಆಗಿದ್ದು ನಮ್ಮ ಮನೆಯಿಂದ ಸಾವಿರ ಮೈಲಿ ಆಚೆ ಅಂತ ಎಷ್ಟು ಸಲ ಹೇಳಿದರೂ ಅಷ್ಟೇ, ನಮ್ಮಮ್ಮನಿಗೆ ಅಮೆರಿಕ ಅಂದರೆ ಒಂದೇ ಊರು.

ಎಲ್ಲ ಮುಗಿದ ಮೇಲೆ ಬರುವ ಮಾತು ಒಂದೇ. "ಬಿಡಿ, ಈ ದೇಶದಲ್ಲಿ ಏನೂ ಬದಲಾಗಲ್ಲ."

ನನ್ನ ತಕರಾರು ಇರೋದು ಈ ಮಾತಿನ ಮೇಲೆ. ಪ್ರಾರ್ಥನೆ ಮಾಡುವವರ ಬಗ್ಗೆ ಇಲ್ಲ, ಸಿಟ್ಟಾಗುವವರ ಬಗ್ಗೆ ಇಲ್ಲ. ಬುದ್ಧಿವಂತರ ಥರ ನಿಟ್ಟುಸಿರು ಬಿಟ್ಟು ಏನೂ ಬದಲಾಗಲ್ಲ ಅನ್ನುವವರ ಬಗ್ಗೆ. ಯಾಕೆಂದರೆ ನಾನಿರುವುದು ಟೆಕ್ಸಸ್‌ನಲ್ಲಿ, ಡಲ್ಲಾಸ್‌ನ ಉತ್ತರಕ್ಕೆ. ಇಲ್ಲಿ ಪ್ರತಿ ದೊಡ್ಡ ದಾಳಿಯ ನಂತರವೂ ಕಾನೂನು ಬದಲಾಗಿದೆ. ನೀವು ಅಂದುಕೊಂಡ ದಿಕ್ಕಿಗೆ ಬದಲಾಗಿಲ್ಲ, ಅಷ್ಟೇ.

1991ರ ಅಕ್ಟೋಬರ್ 16ರಂದು ಕಿಲೀನ್ ಅನ್ನೋ ಊರಿನ ಲೂಬೀಸ್ ಕೆಫೆಟೇರಿಯಾಗೆ ಒಬ್ಬ ತನ್ನ ಟ್ರಕ್ಕನ್ನು ಗಾಜಿನ ಕಿಟಕಿ ಒಡೆದು ಒಳಗೆ ನುಗ್ಗಿಸಿ, ಇಳಿದು, ಊಟಕ್ಕೆ ಕೂತವರ ಮೇಲೆ ಗುಂಡು ಹಾರಿಸುತ್ತ ಹೋದ. 23 ಜನ ಸತ್ತರು. ಅವತ್ತು ಅಲ್ಲಿ ಅಪ್ಪ ಅಮ್ಮನ ಜೊತೆ ಊಟಕ್ಕೆ ಬಂದಿದ್ದ ಸುಝಾನಾ ಹಪ್ ಎಂಬ ಮಹಿಳೆಯ ಹತ್ತಿರ ಪಿಸ್ತೂಲು ಇತ್ತು. ಆದರೆ ಅದು ಕಾರಿನಲ್ಲಿತ್ತು. ಬಚ್ಚಿಟ್ಟುಕೊಂಡು ಓಡಾಡುವುದು ಆಗ ಟೆಕ್ಸಸ್‌ನಲ್ಲಿ ಅಪರಾಧ. ಅವರ ಕಣ್ಣೆದುರಿಗೇ ಅಪ್ಪನಿಗೆ ಗುಂಡು ಬಿತ್ತು, ಅವರು ಕಿಟಕಿಯಿಂದ ಹಾರಿ ಪಾರಾದರು, ಅಮ್ಮ ಅಪ್ಪನನ್ನು ಬಿಟ್ಟು ಬರಲಿಲ್ಲ, ಅವರೂ ಸತ್ತರು. ಬಂದೂಕು ಕಾರಿನಲ್ಲಿ ಬಿಟ್ಟು ಬಂದಿದ್ದಕ್ಕೆ ಅಪ್ಪ ಅಮ್ಮನನ್ನು ಕಳೆದುಕೊಂಡೆ ಅಂತ ಆ ಹೆಂಗಸು ಹೋದಲ್ಲೆಲ್ಲ ಹೇಳಿದರು. ಬೇರೆ ಬೇರೆ ರಾಜ್ಯಗಳ ಶಾಸನಸಭೆಗಳಲ್ಲಿ ಸಾಕ್ಷಿ ನುಡಿದರು. 1995ರಲ್ಲಿ ಗವರ್ನರ್ ಆಗಿದ್ದ ಜಾರ್ಜ್ ಡಬ್ಲ್ಯೂ. ಬುಷ್, ಲೈಸೆನ್ಸ್ ತೆಗೆದುಕೊಂಡು ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಬಹುದು ಅನ್ನೋ ಕಾನೂನಿಗೆ ಸಹಿ ಹಾಕಿದರು. ಮರು ವರ್ಷ ಹಪ್ ತಾವೇ ಶಾಸಕಿಯಾಗಿ ಆಯ್ಕೆಯಾದರು.

ಅವರ ತೀರ್ಮಾನ ನನಗೆ ಒಪ್ಪಿಗೆ ಇಲ್ಲ. ಆದರೆ ನಾಲ್ಕು ವರ್ಷ ಬಿಡದೆ ಹಿಂದೆ ಬಿದ್ದರಲ್ಲ, ಅದನ್ನು ಹೇಗೆ ಅಲ್ಲಗಳೆಯೋದು?

ಇನ್ನೂ ಇದೆ. 1966ರ ಆಗಸ್ಟ್ 1ರಂದು ಆಸ್ಟಿನ್‌ನ ವಿಶ್ವವಿದ್ಯಾಲಯದ ಗಡಿಯಾರ ಗೋಪುರ ಹತ್ತಿ ಒಬ್ಬ ಕೆಳಗೆ ಓಡಾಡುವವರನ್ನು ಗುರಿಯಿಟ್ಟು ಕೊಂದ. ಸರಿಯಾಗಿ ಐವತ್ತು ವರ್ಷಕ್ಕೆ, 2016ರ ಆಗಸ್ಟ್ 1ರಂದು, ಲೈಸೆನ್ಸ್ ಇದ್ದವರು ಅದೇ ಕ್ಯಾಂಪಸ್ಸಿನೊಳಗೆ ಪಿಸ್ತೂಲು ಇಟ್ಟುಕೊಂಡು ಬರಬಹುದು ಅನ್ನೋ ಕಾನೂನು ಜಾರಿಗೆ ಬಂತು. ತಾರೀಖು ಕಾಕತಾಳೀಯ ಅಂತಾರೆ. ಇರಬಹುದು. ಯಾರಿಗೂ ಅದನ್ನು ಒಂದು ದಿನ ಆಚೀಚೆ ಮಾಡೋಣ ಅನ್ನಿಸಲಿಲ್ಲ ಅನ್ನೋದಂತೂ ನಿಜ.

2019ರ ಆಗಸ್ಟ್ 3. ಎಲ್ ಪಾಸೊದ ವಾಲ್‌ಮಾರ್ಟ್. ಮೆಕ್ಸಿಕೋ ಮೂಲದವರನ್ನು ಹುಡುಕಿಕೊಂಡು ನೂರಾರು ಮೈಲಿ ಡ್ರೈವ್ ಮಾಡಿಕೊಂಡು ಹೋಗಿ ಕೊಂದವನು ನಮ್ಮದೇ ಆಲನ್ ಊರಿನವನು. ಒಟ್ಟು 23 ಸಾವು. ಅದೇ ತಿಂಗಳ 31ಕ್ಕೆ ಮಿಡ್‌ಲ್ಯಾಂಡ್ ಮತ್ತು ಒಡೆಸ್ಸಾದಲ್ಲಿ ಇನ್ನೊಬ್ಬ ಏಳು ಜನರನ್ನು ಕೊಂದ. ಈತ ಹಿಂದೊಮ್ಮೆ ಬಂದೂಕು ಕೊಳ್ಳಲು ಹೋಗಿ ಹಿನ್ನೆಲೆ ಪರಿಶೀಲನೆಯಲ್ಲಿ ಫೇಲಾಗಿದ್ದವನು. ಆಮೇಲೆ ಖಾಸಗಿ ವ್ಯಕ್ತಿಯೊಬ್ಬನಿಂದ ಕೊಂಡ, ಅಲ್ಲಿ ಪರಿಶೀಲನೆ ಕಡ್ಡಾಯ ಇಲ್ಲ. ಆಗ ರಾಜ್ಯದ ಲೆಫ್ಟಿನೆಂಟ್ ಗವರ್ನರ್ ಡ್ಯಾನ್ ಪ್ಯಾಟ್ರಿಕ್, ಅವರೇನು ಬಂದೂಕು ವಿರೋಧಿ ಅಲ್ಲ, ಅಪರಿಚಿತರ ನಡುವಿನ ಮಾರಾಟಕ್ಕೂ ಪರಿಶೀಲನೆ ಬೇಕು ಅಂತ ಬಾಯಿಬಿಟ್ಟು ಹೇಳಿದ್ದರು. ನಮಗೆಲ್ಲ ಈ ಸಲ ಏನೋ ಆಗುತ್ತೆ ಅನ್ನಿಸಿತ್ತು. ಆಯಿತು ಕೂಡ. 2021ರ ಸೆಪ್ಟೆಂಬರ್ 1ರಿಂದ ಟೆಕ್ಸಸ್‌ನಲ್ಲಿ 21 ದಾಟಿದ, ಕಾನೂನಿನ ಅಡ್ಡಿ ಇಲ್ಲದ ಯಾರು ಬೇಕಾದರೂ ಲೈಸೆನ್ಸೇ ಇಲ್ಲದೆ ಪಿಸ್ತೂಲು ಹೊತ್ತು ತಿರುಗಬಹುದು.

ಇದು ಬರೀ ಟೆಕ್ಸಸ್ ಕಥೆಯೂ ಅಲ್ಲ. ಲೂಕಾ, ಮಲ್ಹೋತ್ರಾ, ಪೊಲಿಕ್ವಿನ್ ಎಂಬ ಮೂವರು ಸಂಶೋಧಕರು 25 ವರ್ಷಗಳ ಲೆಕ್ಕ ತೆಗೆದು 2020ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಒಂದು ಸಾಮೂಹಿಕ ಗುಂಡಿನ ದಾಳಿ ಆದರೆ ಆ ರಾಜ್ಯದಲ್ಲಿ ಮರು ವರ್ಷ ಬಂದೂಕಿಗೆ ಸಂಬಂಧಿಸಿದ ಮಸೂದೆಗಳ ಸಂಖ್ಯೆ ಶೇ. 15ರಷ್ಟು ಏರುತ್ತದೆ. ರಿಪಬ್ಲಿಕನ್ನರ ಹಿಡಿತದ ಶಾಸನಸಭೆಗಳಲ್ಲಿ ಬಂದೂಕು ಕಾನೂನನ್ನು ಸಡಿಲ ಮಾಡುವ ಕಾಯ್ದೆಗಳು ಶೇ. 75ರಷ್ಟು ಜಾಸ್ತಿಯಾಗುತ್ತವೆ. ಡೆಮಾಕ್ರಟರ ಹಿಡಿತದ ಕಡೆ ಬಿಗಿ ಮಾಡುವ ಕಾಯ್ದೆಗಳು ಹೆಚ್ಚಾದವಾ? ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅಂದರೆ ಒಂದು ಪಕ್ಷ ಅತ್ತು ಮನೆಗೆ ಹೋಗುತ್ತದೆ, ಇನ್ನೊಂದು ಪಕ್ಷ ಮಸೂದೆ ಬರೆಯುತ್ತದೆ.

ಈಗ ಆಲನ್ ವಿಷಯಕ್ಕೆ ಬರ್ತೀನಿ.

ಡಲ್ಲಾಸ್ ಕಡೆ ಇರುವ ಯಾವ ಕನ್ನಡದ ಮನೆಯವರನ್ನು ಬೇಕಾದರೂ ಕೇಳಿ, ಆಲನ್ ಔಟ್‌ಲೆಟ್ ಮಾಲ್ ಗೊತ್ತು ಅಂತಾರೆ. ಊರಿಂದ ಅಪ್ಪ ಅಮ್ಮ ಬಂದರೆ ವಾಪಸ್ ಹೋಗುವ ಮುಂಚಿನ ಶನಿವಾರ ಅಲ್ಲಿಗೆ ಹೋಗಲೇಬೇಕು. ಮೊಮ್ಮಕ್ಕಳಿಗೆ ಶೂ, ಅಳಿಯನಿಗೆ ಬೆಲ್ಟು, ಪಕ್ಕದ ಮನೆಯವರಿಗೆ ಪರ್ಸು, ಕೊನೆಗೆ ಇದನ್ನೆಲ್ಲ ತುಂಬೋಕೆ ಇನ್ನೊಂದು ಸೂಟ್‌ಕೇಸು. ಅಪ್ಪಂದಿರು ಹೊರಗಿನ ಬೆಂಚಿನ ಮೇಲೆ ಕೂತು ಡಾಲರನ್ನು ರೂಪಾಯಿಗೆ ಗುಣಿಸುತ್ತ ಇರುತ್ತಾರೆ. ಇಂಥ ಒಂದು ಶನಿವಾರ ಮಧ್ಯಾಹ್ನ, 2023ರ ಮೇ 6ರಂದು, ಒಬ್ಬ ಕಾರಿನಿಂದಿಳಿದು ಆ ಬೆಂಚುಗಳ ನಡುವೆ ಗುಂಡು ಹಾರಿಸಲು ಶುರು ಮಾಡಿದ. ಎಂಟು ಜನ ಸತ್ತರು. ಮೂರು ವರ್ಷದ ಮಗು, ಪ್ರೈಮರಿ ಶಾಲೆಗೆ ಹೋಗುವ ಅಕ್ಕ ತಂಗಿ, ತೆಲಂಗಾಣದಿಂದ ಬಂದು ಇಲ್ಲಿ ಎಂಜಿನಿಯರ್ ಆಗಿದ್ದ ಒಬ್ಬ ಹುಡುಗಿ. ಆ ಹುಡುಗಿಯ ಸುದ್ದಿ ಬಂದ ಮೇಲೆ ನಮ್ಮ ಗುಂಪುಗಳಲ್ಲಿ ಯಾರೂ ಅಡ್ಮಿನ್ ಮಾತು ಕೇಳಲಿಲ್ಲ.

ಅವತ್ತು ಬೇರೆ ಯಾವುದೋ ಕೆಲಸಕ್ಕೆ ಅಲ್ಲಿಗೆ ಬಂದಿದ್ದ ಪೊಲೀಸ್ ಒಬ್ಬರು ಇದ್ದರು. ಅವರ ಮೈಮೇಲಿನ ಕ್ಯಾಮೆರಾದ ವಿಡಿಯೋ ಆಮೇಲೆ ಬಿಡುಗಡೆಯಾಯಿತು. ಒಬ್ಬ ತಾಯಿ ಮತ್ತು ಇಬ್ಬರು ಮಕ್ಕಳ ಜೊತೆ ನಗುತ್ತ ಮಾತಾಡುತ್ತಿದ್ದಾರೆ, ಗುಂಡಿನ ಸದ್ದು ಕೇಳುತ್ತದೆ, ರೈಫಲ್ ತೆಗೆದುಕೊಂಡು ಸದ್ದಿನ ಕಡೆಗೇ ಓಡುತ್ತಾರೆ. ಏದುಸಿರು ಕೇಳಿಸುತ್ತದೆ. ಓಡುತ್ತಲೇ ಜನರಿಗೆ ಆಚೆ ಹೋಗಿ ಅಂತ ಕೂಗುತ್ತಾರೆ. ಸುಮಾರು ನಾಲ್ಕು ನಿಮಿಷದಲ್ಲಿ ಕೊಲೆಗಾರ ಸತ್ತ.

ಈ ನಾಲ್ಕು ನಿಮಿಷದ ಮೇಲೆ ನಡೆದ ಜಗಳ ನೋಡಬೇಕಿತ್ತು ನೀವು. ಒಂದು ಕಡೆಯವರು ನೋಡಿ, ಬಂದೂಕು ಹಿಡಿದ ಒಳ್ಳೆಯವನೇ ಕೆಟ್ಟವನನ್ನು ನಿಲ್ಲಿಸಿದ್ದು ಅಂದರು. ಇನ್ನೊಂದು ಕಡೆಯವರು, ತರಬೇತಿ ಪಡೆದ, ಧೈರ್ಯವಂತ, ಕೂಗಳತೆಯಲ್ಲೇ ಇದ್ದ ಪೊಲೀಸ್ ಓಡಿ ಬಂದರೂ ಎಂಟು ಹೆಣ ಬಿತ್ತಲ್ಲ, ಹಾಗಾದರೆ ಆ ರೈಫಲ್ ಎಂಥದ್ದು ಲೆಕ್ಕ ಹಾಕಿ ಅಂದರು. ನನಗೆ ಎರಡನೇ ಮಾತು ಸರಿ ಅನ್ನಿಸುತ್ತದೆ, ಈಗಲೂ. ಟೆಕ್ಸಸ್‌ನದೇ ಉವಾಲ್ಡೆ ಊರಿನ ಶಾಲೆಯಲ್ಲಿ ಹಿಂದಿನ ವರ್ಷ, 2022ರ ಮೇ 24ರಂದು, 376 ಮಂದಿ ಪೊಲೀಸರು ಸೇರಿದ್ದರು, 77 ನಿಮಿಷ ಕಾದರು, 19 ಮಕ್ಕಳು ಮತ್ತು ಇಬ್ಬರು ಟೀಚರ್‌ಗಳು ಸತ್ತಿದ್ದರು. ಆಲನ್‌ನಲ್ಲಿ ಒಬ್ಬರೇ, ಕಾಯಲೇ ಇಲ್ಲ. ಪೊಲೀಸರು ಹೇಡಿಗಳಾದರೂ ಹೆಣ, ಶೂರರಾದರೂ ಹೆಣ.

ಗವರ್ನರ್ ಮರುದಿನವೇ ಟೀವಿಗೆ ಬಂದು ಮಾನಸಿಕ ಆರೋಗ್ಯದ ಮಾತಾಡಿದರು. ಆ ಕೊಲೆಗಾರನನ್ನು 2008ರಲ್ಲಿ ಮಾನಸಿಕ ಆರೋಗ್ಯದ ಕಾರಣಕ್ಕೇ ಸೇನೆಯಿಂದ ಕಳಿಸಿದ್ದರು ಅಂತ ಆಮೇಲೆ ಗೊತ್ತಾಯಿತು. ಬಂದೂಕುಗಳನ್ನು ಅವನು ಕೊಂಡಿದ್ದು ಕಾನೂನು ಪ್ರಕಾರವೇ. ಮಾನಸಿಕ ಆರೋಗ್ಯವೇ ಕಾರಣ ಅನ್ನುವವರು ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಲಿ ಅಂತ ಕಾದಿದ್ದೆ, ಯಾರೂ ನೋಡಲಿಲ್ಲ.

ಮೇ 8, ಸೋಮವಾರ. ಆಲನ್‌ನಲ್ಲಿ ಇನ್ನೂ ಹೂವು ಇಡುತ್ತಿದ್ದರು. ಆಸ್ಟಿನ್‌ನ ಶಾಸನಸಭೆ ಕಟ್ಟಡದಲ್ಲಿ ಉವಾಲ್ಡೆಯ ಅಪ್ಪ ಅಮ್ಮಂದಿರು ಒಂದು ಮಸೂದೆಗಾಗಿ ಕಾದಿದ್ದರು. ಉವಾಲ್ಡೆಯ ಕೊಲೆಗಾರ 18 ತುಂಬಿದ ಮರುದಿನವೇ ಹೋಗಿ ರೈಫಲ್ ಕೊಂಡಿದ್ದ. ಅದಕ್ಕೆ ಇವರು ಕೇಳಿದ್ದು ತುಂಬಾ ಸಣ್ಣದು: ಅಂಥ ರೈಫಲ್ ಕೊಳ್ಳುವ ವಯಸ್ಸನ್ನು 18ರಿಂದ 21ಕ್ಕೆ ಏರಿಸಿ. ನಿಷೇಧ ಕೇಳಲಿಲ್ಲ, ಇದ್ದವರ ಕೈಯಿಂದ ಕಿತ್ತುಕೊಳ್ಳಿ ಅನ್ನಲಿಲ್ಲ. ಮೂರು ವರ್ಷ ಕಾಯಿಸಿ, ಅಷ್ಟೇ. ಏಪ್ರಿಲ್‌ನಲ್ಲಿ ಇದರ ವಿಚಾರಣೆ ನಡೆದ ದಿನ ಅವರ ಸರದಿ ಬರಲು 13 ಗಂಟೆ ಹಿಡಿಯಿತು. ಮಕ್ಕಳ ಫೋಟೋ ಎದೆಗೊತ್ತಿಕೊಂಡು, ಬೆಳಗ್ಗೆ ಬಂದವರು ರಾತ್ರಿಯ ತನಕ ಆ ಬೆಂಚುಗಳ ಮೇಲೆ ಕೂತಿದ್ದರು. ಸಮಿತಿ ಆ ಮಸೂದೆಯನ್ನು ಮತಕ್ಕೇ ಹಾಕುವುದಿಲ್ಲ ಅಂತ ಎಲ್ಲರೂ ಅಂದುಕೊಂಡಿದ್ದರು. ಆಲನ್ ಆದ ಎರಡು ದಿನಕ್ಕೆ ಮತಕ್ಕೆ ಹಾಕಿದರು. 8-5ರಿಂದ ಪಾಸಾಯಿತು. ಇಬ್ಬರು ರಿಪಬ್ಲಿಕನ್ನರೂ ಕೈ ಎತ್ತಿದರು. ಆ ಅಪ್ಪ ಅಮ್ಮಂದಿರು ಅತ್ತರು.

ಮರುದಿನ ಗಡುವಿನೊಳಗೆ ಅದು ಸದನದ ಕಾರ್ಯಕಲಾಪದ ಪಟ್ಟಿಗೆ ಸೇರಲಿಲ್ಲ. ಮಸೂದೆ ಸತ್ತಿತು. ಟೆಕ್ಸಸ್ ಶಾಸನಸಭೆ ಎರಡು ವರ್ಷಕ್ಕೊಮ್ಮೆ, 140 ದಿನ ಮಾತ್ರ ಸೇರುವುದು, ಆದ್ದರಿಂದ ಇಲ್ಲಿ ಮಸೂದೆ ಕೊಲ್ಲೋಕೆ ವಿರೋಧಿಸಬೇಕಾಗಿಲ್ಲ. ಗಡಿಯಾರ ನೋಡುತ್ತ ಕೂತರೆ ಸಾಕು.

ಕೈ ಎತ್ತಿದ ಇಬ್ಬರಲ್ಲಿ ಒಬ್ಬರು ಜಸ್ಟಿನ್ ಹಾಲೆಂಡ್, ನಮ್ಮ ಪಕ್ಕದ ರಾಕ್‌ವಾಲ್‌ನವರು. ಮುಂದಿನ ವರ್ಷ ಪಕ್ಷದೊಳಗಿನ ಚುನಾವಣೆಯಲ್ಲಿ ಅವರ ವಿರುದ್ಧ ಈ ವೋಟನ್ನು ಚೆನ್ನಾಗಿ ಬಳಸಿದರು, 2024ರ ಮೇ ಕೊನೆಯಲ್ಲಿ ನಡೆದ ಎರಡನೇ ಸುತ್ತಿನಲ್ಲಿ ಸೋತರು. ಸೋಲಿಗೆ ಬೇರೆ ಕಾರಣಗಳೂ ಇದ್ದವು, ಇದೊಂದೇ ಅಲ್ಲ. ಆದರೂ ಬೇಸಿಗೆ ರಜೆ ಶುರುವಾಗೋ ಹೊತ್ತಿನ ಒಂದು ಮಂಗಳವಾರ ಎಷ್ಟು ಜನ ವೋಟು ಹಾಕೋಕೆ ಹೋಗ್ತಾರೆ ಹೇಳಿ? ಆಲನ್‌ನಲ್ಲಿ ಮೇಣದಬತ್ತಿ ಹಿಡಿದು ನಿಂತ ನಮ್ಮವರಲ್ಲಿ ಹಾಲೆಂಡ್ ಹೆಸರು ಕೇಳಿದವರೇ ಅಪರೂಪ. ಅವರನ್ನು ಸೋಲಿಸಬೇಕು ಅಂದುಕೊಂಡವರಿಗೆ ಮಾತ್ರ ಹೆಸರೂ ಗೊತ್ತಿತ್ತು, ತಾರೀಖೂ ಗೊತ್ತಿತ್ತು.

ನಮ್ಮವರ ಪರಿಸ್ಥಿತಿಯೂ ವಿಚಿತ್ರ. ಗ್ರೀನ್ ಕಾರ್ಡ್ ಬಂದವರು ಬಂದೂಕು ಕೊಳ್ಳಬಹುದು, ವೋಟು ಹಾಕುವಂತಿಲ್ಲ. ಎಚ್-1ಬಿ ವೀಸಾದಲ್ಲಿ ಇರುವವರು ಸಾಮಾನ್ಯವಾಗಿ ಕೊಳ್ಳುವಂತಿಲ್ಲ, ಆದರೆ ಬೇಟೆಯ ಲೈಸೆನ್ಸ್ ಮಾಡಿಸಿಕೊಂಡರೆ ಕೊಳ್ಳಬಹುದು. ಜೀವನದಲ್ಲಿ ಒಂದು ಇಲಿಯನ್ನೂ ಹೊಡೆಯದ ಶುದ್ಧ ಸಸ್ಯಾಹಾರಿಗಳು ಬೇಟೆ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಅಂಗಡಿಗೆ ಹೋದ ಕಥೆಗಳು ನಮ್ಮಲ್ಲಿವೆ. ಆಲನ್ ಆದ ಮೇಲೆ ನನಗೆ ಗೊತ್ತಿರುವ ಒಂದಿಬ್ಬರು ಪಿಸ್ತೂಲು ಕೊಂಡರು. ಇದೂ ಹೊಸದಲ್ಲ. 2012ರ ಡಿಸೆಂಬರ್‌ನಲ್ಲಿ ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಸತ್ತ ತಿಂಗಳು ಬಂದೂಕು ಖರೀದಿಯ ಹಿನ್ನೆಲೆ ಪರಿಶೀಲನೆಗಳು ಸುಮಾರು 28 ಲಕ್ಷ, ಅಲ್ಲಿಯವರೆಗಿನ ದಾಖಲೆ. ಭಯಕ್ಕೆ ಕೊಳ್ಳುವವರು ಕೆಲವರು, ನಾಳೆ ಸಿಗದೇ ಹೋದರೆ ಅಂತ ಕೊಳ್ಳುವವರು ಇನ್ನು ಕೆಲವರು.

ಕೊಂಡ ಗೆಳೆಯನೊಬ್ಬನ ಜೊತೆ ನಾನು ಜಗಳ ಆಡಿದ್ದೇನೆ. ಅವನು ಕೊಡಗಿನವನು. ನಾನು ಮಲೆನಾಡಿನ ಅಡಿಕೆ ತೋಟದ ಮನೆಯಿಂದ ಬಂದಿದ್ದು. ನಮ್ಮಿಬ್ಬರಿಗೂ ಕೋವಿ ಹೊಸದಲ್ಲ. ನಮ್ಮ ಮನೆಯಲ್ಲಿ ಬೆಳೆ ರಕ್ಷಣೆಗೆ ಅಂತ ಲೈಸೆನ್ಸಿನ ಕೋವಿ ಒಂದಿತ್ತು. ಮಂಗ ಬೆದರಿಸೋಕೆ ಬಿಟ್ಟರೆ ಅದು ಮನೆಯಿಂದ ಹೊರಗೆ ಬರುತ್ತಿದ್ದದ್ದು ಚುನಾವಣೆಯ ಹೊತ್ತಿಗೆ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಲು. ದೊಡ್ಡಪ್ಪ ಅದನ್ನು ಗೋಣಿಚೀಲದಲ್ಲಿ ಸುತ್ತಿ ಬಸ್ಸಿನಲ್ಲಿ ಒಯ್ಯುತ್ತಿದ್ದರು, ರಸೀದಿ ತರುತ್ತಿದ್ದರು, ಫಲಿತಾಂಶ ಬಂದ ಮೇಲೆ ಸರ್ಕಾರಕ್ಕೆ ಬೈಯುತ್ತ ಹೋಗಿ ಬಿಡಿಸಿಕೊಂಡು ಬರುತ್ತಿದ್ದರು. ಅವನ ಕಡೆ ಕೈಲ್ ಪೊಳ್ದ್ ಹಬ್ಬಕ್ಕೆ ಕೋವಿಗೆ ಪೂಜೆ. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು. ಕೊಡವರಿಗೆ ಮತ್ತು ಅಲ್ಲಿನ ವಂಶಪಾರಂಪರ್ಯದ ಜಮ್ಮಾ ಜಮೀನಿನ ಹಿಡುವಳಿದಾರರಿಗೆ ಬ್ರಿಟಿಷರ ಕಾಲದಿಂದ ಲೈಸೆನ್ಸಿನಿಂದ ವಿನಾಯಿತಿ ಇದೆ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿ ಹಿಡಿಯಿತು.

ಹಾಗಾಗಿ ಟೆಕ್ಸಸ್‌ನ ಹಳ್ಳಿಯವನೊಬ್ಬ ಬಂದೂಕು ನಮ್ಮಜ್ಜನದು, ಅದರ ಸುದ್ದಿಗೆ ಬರಬೇಡಿ ಅಂದರೆ ನನಗೆ ನಗು ಬರಲ್ಲ. ನನ್ನ ಆಫೀಸಿನಲ್ಲಿ ಅಂಥವರಿದ್ದಾರೆ, ಜಿಂಕೆ ಬೇಟೆಗೆ ರಜೆ ಹಾಕುವವರು, ಬಂದೂಕಿನ ಬಗ್ಗೆ ನಮಗಿಂತ ಹತ್ತು ಪಟ್ಟು ಹುಷಾರಾಗಿರುವವರು. ಬೆಂಗಳೂರಿನ ಅಪಾರ್ಟ್‌ಮೆಂಟಿನಲ್ಲಿ ಕೂತು "ಅಮೆರಿಕದವರಿಗೆ ಹುಚ್ಚು" ಅಂತ ಒಂದೇ ಮಾತಿನಲ್ಲಿ ಮುಗಿಸುವವರಿಗೆ ಇದು ಅರ್ಥ ಆಗಲ್ಲ. ನಾನು ಗೆಳೆಯನಿಗೆ ಹೇಳಿದ್ದು ಇಷ್ಟೇ: ನಿಮ್ಮ ಐನ್‌ಮನೆಯ ಗೋಡೆಯಲ್ಲಿದ್ದ ಕೋವಿ ಯಾರ ಕೈಯಲ್ಲಿ ಇದೆ ಅಂತ ಇಡೀ ಊರಿಗೆ ಗೊತ್ತಿತ್ತು ಮಾರಾಯ. ಇಲ್ಲಿ ನಿನ್ನ ಡ್ರಾಯರಿನಲ್ಲಿ ಏನಿದೆ ಅಂತ ನಿನ್ನ ಪಕ್ಕದ ಮನೆಯವನಿಗೂ ಗೊತ್ತಿಲ್ಲ.

ಅವನು ತಿರುಗಿಸಿ ಕೇಳಿದ: ಅವತ್ತು ಮಾಲ್‌ನಲ್ಲಿ ನಿನ್ನ ಅಪ್ಪ ಅಮ್ಮ ಇದ್ದಿದ್ದರೆ? ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಆದರೆ ಆ ಪ್ರಶ್ನೆಯ ಮೇಲೆ ಕಾನೂನು ಕಟ್ಟಿದರೆ ಕಿಲೀನ್‌ನಿಂದ ಇಲ್ಲಿಯವರೆಗೆ ಬಂದ ದಾರಿಯೇ ಮುಂದುವರಿಯುತ್ತದೆ.

ಈ ವಾದದಲ್ಲಿ ನಾವಿಬ್ಬರೂ ಬಿಟ್ಟುಬಿಡುವುದು ಒಂದಿದೆ. 2021ರಲ್ಲಿ ಅಮೆರಿಕದಲ್ಲಿ ಗುಂಡಿನಿಂದ ಸತ್ತವರು 48,830. ಇವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಆತ್ಮಹತ್ಯೆ ಮಾಡಿಕೊಂಡವರು. ಟೀವಿಯಲ್ಲಿ ಬರುವ ದಾಳಿಗಳಲ್ಲಿ ಸತ್ತವರು ಆ ಲೆಕ್ಕದಲ್ಲಿ ಒಂದು ಚೂರು. ಅಂದರೆ ಮನೆಗೆ ಬಂದ ಪಿಸ್ತೂಲು ಮಾಲ್‌ನಲ್ಲಿ ಯಾವನೋ ಕೊಲೆಗಾರನಿಗೆ ಎದುರಾಗುವ ಸಂಭವಕ್ಕಿಂತ, ಪರೀಕ್ಷೆಯಲ್ಲಿ ಫೇಲಾದ ಮಗನ ಅಥವಾ ಕೆಲಸ ಕಳೆದುಕೊಂಡು ವೀಸಾ ದಿನ ಎಣಿಸುತ್ತ ಕೂತ ಗಂಡನ ಕೈಗೆ ಸಿಗುವ ಸಂಭವ ಹೆಚ್ಚು. ನಮ್ಮವರಲ್ಲಿ ಈ ಮಾತು ಯಾರೂ ಆಡಲ್ಲ, ಆತ್ಮಹತ್ಯೆ ಅನ್ನೋ ಪದವನ್ನೇ ನಾವು ಮನೆಯೊಳಗೆ ತರಲ್ಲ. ಶಾಲೆಗಳಲ್ಲಿ ಗುಂಡು ಹಾರಿಸಿದ ಹುಡುಗರಲ್ಲೂ ಬಹಳ ಮಂದಿಗೆ ಬಂದೂಕು ಸಿಕ್ಕಿದ್ದು ಸ್ವಂತ ಮನೆಯಲ್ಲಿ ಅಥವಾ ನೆಂಟರ ಮನೆಯಲ್ಲಿ. ಮಿಷಿಗನ್‌ನ ಆಕ್ಸ್‌ಫರ್ಡ್ ಶಾಲೆಯಲ್ಲಿ 2021ರಲ್ಲಿ ನಾಲ್ಕು ಮಕ್ಕಳನ್ನು ಕೊಂದ ಹುಡುಗನ ಅಪ್ಪ ಅಮ್ಮ ಇಬ್ಬರಿಗೂ 2024ರಲ್ಲಿ ಜೈಲಾಯಿತು, 10ರಿಂದ 15 ವರ್ಷ. ಇದೂ ಒಂದು ಬದಲಾವಣೆಯೇ, ಅಲ್ವಾ? ಮೊದಲು ಹೀಗೆ ಅಪ್ಪ ಅಮ್ಮನ ಮೇಲೆ ಕೇಸು ನಿಲ್ಲುತ್ತದೆ ಅಂತ ಯಾರೂ ಅಂದುಕೊಂಡಿರಲಿಲ್ಲ.

ನ್ಯೂಜಿಲೆಂಡ್ ನೋಡಿ ಕಲಿಯಿರಿ ಅಂತ ಪ್ರತಿ ಸಲ ಯಾರಾದರೂ ಹಾಕುತ್ತಾರೆ. ಕ್ರೈಸ್ಟ್‌ಚರ್ಚ್‌ನಲ್ಲಿ 2019ರ ಮಾರ್ಚ್ 15ರಂದು 51 ಜನ ಸತ್ತರು, ಏಪ್ರಿಲ್ 10ಕ್ಕೆ ಸಂಸತ್ತಿನಲ್ಲಿ 119-1ರಿಂದ ಕಾನೂನು ಪಾಸಾಯಿತು. ಸರಿ. ಅಲ್ಲಿ ಒಂದೇ ಸದನ, ಬಂದೂಕನ್ನು ಹಕ್ಕು ಅಂತ ಬರೆದಿಟ್ಟ ಸಂವಿಧಾನ ಇಲ್ಲ. ಇಲ್ಲಿ 2013ರಲ್ಲಿ ಸ್ಯಾಂಡಿ ಹುಕ್ ಆದ ನಂತರದ ಹಿನ್ನೆಲೆ ಪರಿಶೀಲನೆಯ ಪ್ರಸ್ತಾವಕ್ಕೆ ಸೆನೆಟ್‌ನಲ್ಲಿ 54 ವೋಟು ಬಿತ್ತು, 46 ವಿರುದ್ಧ, ಆದರೂ ಬಿದ್ದುಹೋಯಿತು, 60 ಬೇಕಿತ್ತು. ಗೆದ್ದವರು ಸೋಲುವ ಲೆಕ್ಕ ಇದು. ನ್ಯೂಜಿಲೆಂಡಿನ ಉದಾಹರಣೆಯಿಂದ ಹೊಟ್ಟೆ ಉರಿ ಬಿಟ್ಟರೆ ಏನೂ ಸಿಗಲ್ಲ. ಫ್ಲಾರಿಡಾ ನೋಡಿ ಅಂದರೆ ಒಪ್ಪುತ್ತೇನೆ. ಪಾರ್ಕ್‌ಲ್ಯಾಂಡ್ ಶಾಲೆಯಲ್ಲಿ 2018ರ ಫೆಬ್ರವರಿ 14ರಂದು 17 ಜನ ಸತ್ತ ಮೂರೇ ವಾರದಲ್ಲಿ ರಿಪಬ್ಲಿಕನ್ ಗವರ್ನರ್ ರಿಕ್ ಸ್ಕಾಟ್ ಬಂದೂಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ ಕಾನೂನಿಗೆ ಸಹಿ ಹಾಕಿದರು. ಉವಾಲ್ಡೆಯವರು ಕೇಳಿದ್ದು ಇದನ್ನೇ. ಆ ಶಾಲೆಯ ಮಕ್ಕಳು ಬಸ್ಸು ಹತ್ತಿ ರಾಜಧಾನಿಗೆ ಹೋಗಿ ಶಾಸಕರ ಬಾಗಿಲು ಬಾಗಿಲು ತಟ್ಟಿದ್ದರು.

ವೋಟಿಲ್ಲದ ನಮ್ಮಂಥವರೂ ಆಸ್ಟಿನ್‌ಗೆ ಹೋಗಿ ಸಮಿತಿಯ ಮುಂದೆ ಮಾತಾಡಬಹುದು. ಹೋಗಲಾಗದಿದ್ದರೆ ಕೆಳಮನೆ ಸಮಿತಿಗಳಿಗೆ ಆನ್‌ಲೈನಿನಲ್ಲೇ ಅಭಿಪ್ರಾಯ ಬರೆಯಬಹುದು. ಮುಂದಿನ ಮಾಮೂಲಿ ಅಧಿವೇಶನ 2027ರ ಜನವರಿಯಲ್ಲಿ.

ಅಲ್ಲಿಯವರೆಗೆ ನಮ್ಮ ಮನೆಯಲ್ಲಿ ಒಂದು ಕೆಲಸ ಶುರು ಮಾಡಿದ್ದೇವೆ. ಮಗಳನ್ನು ಯಾರದಾದರೂ ಮನೆಗೆ ಬರ್ತ್‌ಡೇಗೋ ಆಡೋಕೋ ಕಳಿಸುವ ಮೊದಲು, ನಾಯಿ ಇದೆಯಾ, ಈಜುಕೊಳಕ್ಕೆ ಬೇಲಿ ಇದೆಯಾ ಅಂತ ಕೇಳಿದ ಹಾಗೇ, ಬಂದೂಕು ಇದೆಯಾ, ಇದ್ದರೆ ಬೀಗ ಹಾಕಿದ್ದೀರಾ ಅಂತಲೂ ಕೇಳುತ್ತೇವೆ. ಅಮೆರಿಕನ್ ಮನೆಯವರು ಬೇಜಾರು ಮಾಡಿಕೊಳ್ಳಲ್ಲ, ಇದೆ, ಸೇಫ್‌ನಲ್ಲಿದೆ, ಗುಂಡು ಬೇರೆ ಕಡೆ ಇದೆ ಅಂತ ಸಲೀಸಾಗಿ ಹೇಳುತ್ತಾರೆ. ಕಷ್ಟ ಆಗೋದು ನಮ್ಮವರ ಹತ್ತಿರ. "ಏನ್ರೀ ಹಿಂಗೆ ಕೇಳ್ತೀರಾ, ನಾವೇನು ಅಂಥವರಾ" ಅಂತ ಒಬ್ಬರು ಮುಖ ಊದಿಸಿಕೊಂಡರು, ಆ ಮನೆಯಿಂದ ಈಗ ಕರೆಯೇ ಬರಲ್ಲ. ಕೊಡಗಿನ ಗೆಳೆಯ ಮಾತ್ರ ಪ್ರಶ್ನೆಗೆ ಉತ್ತರ ಕೊಡದೆ ಸೇಫಿನ ಫೋಟೋ ಕಳಿಸಿದ. ಬೀಗ ಚೆನ್ನಾಗಿದೆ, ಆದರೆ ನಂಬರ್ ಹೆಂಡತಿಗೆ ಮಗನಿಗೆ ಎಲ್ಲರಿಗೂ ಗೊತ್ತಂತೆ. ಆ ಜಗಳ ಇನ್ನೂ ನಡೀತಾ ಇದೆ.